ಹೊರಗುತ್ತಿಗೆಯ ಕಲಿಕೆ: ಆನ್‌ಲೈನ್ ಶಿಕ್ಷಣೋದ್ಯಮದ ಒಲವುಗಳು ಮತ್ತು ಕೊಪ್ಪಳ ಸೀಮೆ

ಪೀಠಿಕೆ

ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವುದೆಂದು ಗುರುತಿಸುವ ಸಂದರ್ಭದಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳಿಂದ ಮೊದಲ್ಗೊಂಡು ಜೈನ ತೀರ್ಥವಾಗಿ ಪಡೆದ ಪ್ರಸಿದ್ಧಿಯವರೆಗೆ ಈ ಊರಿಗೆ ಅಕ್ಷರದ ದೀರ್ಘ ಪರಂಪರೆಯಿದೆ. ಆಧುನಿಕ ಶಿಕ್ಷಣದ ಇತಿಹಾಸವನ್ನು ಗಮನಿಸಿದಾಗ ಮಾತ್ರ ಬೇರೊಂದು ಚಿತ್ರ ಕಾಣುತ್ತದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಭಾಗಗಳು ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಉನ್ನತ ಶಿಕ್ಷಣದ ಮಾಧ್ಯಮ ಉರ್ದುವಾಗಿತ್ತು. ಕುಕನೂರಿನ ವಿದ್ಯಾನಂದ ಗುರುಕುಲವು ಹುಟ್ಟಿ, ಈ ಭಾಗದ ಮಕ್ಕಳ ವಿದ್ಯೆಗೆ ನೆಲೆಯಾದದ್ದು ಆ ಪರಿಸ್ಥಿತಿಯಲ್ಲಿಯೇ. ಕಲಿಯುವವನ ಭಾಷೆ ಒಂದು, ಕಲಿಸುವ ವ್ಯವಸ್ಥೆಯ ಭಾಷೆ ಇನ್ನೊಂದು ಎಂಬ ಸಮಸ್ಯೆ ಈ ಸೀಮೆಗೆ ಹೊಸದಲ್ಲ.

೧೯೫೬ರ ಏಕೀಕರಣದೊಂದಿಗೆ ಈ ಪ್ರದೇಶ ಕನ್ನಡ ರಾಜ್ಯದ ಭಾಗವಾಯಿತು. ೧೯೯೭ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆ ರಚನೆಯಾಯಿತು. ಮುಂದೆ ಕುಕನೂರು, ಕನಕಗಿರಿ, ಕಾರಟಗಿಗಳು ಪ್ರತ್ಯೇಕ ತಾಲ್ಲೂಕುಗಳಾದರೂ ಸಾಮಾಜಿಕ ವಿಶ್ಲೇಷಣೆಗೆ ಮೂಲದ ನಾಲ್ಕು ತಾಲ್ಲೂಕುಗಳ ಚೌಕಟ್ಟೇ ಹೆಚ್ಚು ಅನುಕೂಲಕರವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ಸೀಮೆ. ಮಳೆಯನ್ನೇ ನಂಬಿದ ಕುಷ್ಟಗಿ ಮತ್ತು ಯಲಬುರ್ಗಾಗಳು ಜೋಳ, ಸಜ್ಜೆ, ಶೇಂಗಾಗಳ ಸೀಮೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಸಲ್ಲಿಸಿದ ವರದಿಯು ಈ ಕೊನೆಯ ಎರಡು ತಾಲ್ಲೂಕುಗಳನ್ನು ರಾಜ್ಯದ ೩೯ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ೨೦೧೧ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ೧೩,೮೯,೯೨೦, ಸಾಕ್ಷರತೆ ಶೇ. ೬೮.೦೯. ಪುರುಷರಲ್ಲಿ ಶೇ. ೭೮.೫೪ರಷ್ಟಿದ್ದ ಈ ಪ್ರಮಾಣ ಮಹಿಳೆಯರಲ್ಲಿ ಶೇ. ೫೭.೫೫ ಮಾತ್ರ.

ಇಂಥ ಒಂದು ಸೀಮೆಗೆ ಆನ್‌ಲೈನ್ ಶಿಕ್ಷಣವು ವರವೆಂಬಂತೆ ಕಾಣುವುದು ಸಹಜ. ಶಿಕ್ಷಕರಿಲ್ಲದ ಊರಿಗೆ ಪರದೆಯ ಮೂಲಕ ಶಿಕ್ಷಕರು ಬರುತ್ತಾರೆ, ಕಾಲೇಜು ದೂರವಿರುವ ಹೆಣ್ಣುಮಗಳಿಗೆ ಪದವಿ ಮನೆಗೇ ಬರುತ್ತದೆ ಎಂಬ ಭರವಸೆ ಅದರೊಳಗಿದೆ. ಆದರೆ ಈ ಕಲಿಕೆಯನ್ನು ಒದಗಿಸುತ್ತಿರುವ ಉದ್ಯಮವು ಹುಟ್ಟಿನಿಂದಲೂ ಹೊರಗುತ್ತಿಗೆಯ ತಳಹದಿಯ ಮೇಲೆ ಬೆಳೆದುಬಂದಿದೆ. ಕಲಿಕೆಯ ಯಾವ ಭಾಗವನ್ನು ಹೊರಗಿನವರಿಗೆ ವಹಿಸಬಹುದು, ಯಾವುದನ್ನು ವಹಿಸಿದರೆ ಶಾಲೆಯೇ ಬರಿದಾಗುತ್ತದೆ ಎಂಬ ಪ್ರಶ್ನೆಯನ್ನು ಕರ್ನಾಟಕದ ಕಳೆದ ಎರಡು ದಶಕಗಳ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಪದ ಮತ್ತು ಪರಿಕಲ್ಪನೆ

‘ಹೊರಗುತ್ತಿಗೆ’ ಎಂಬುದು ಕನ್ನಡದಲ್ಲಿ ಇತ್ತೀಚೆಗೆ ರೂಢಿಗೆ ಬಂದ ಸಮಾಸಪದ. ‘ಗುತ್ತಿಗೆ’ ಮಾತ್ರ ಹಳೆಯದು. ಭೂಮಿಯನ್ನು, ಕೆರೆಯ ಮೀನನ್ನು, ಸಂತೆಯ ಸುಂಕವನ್ನು ನಿಗದಿತ ಅವಧಿಗೆ ನಿಗದಿತ ಹಣಕ್ಕೆ ಇನ್ನೊಬ್ಬರಿಗೆ ಬಿಟ್ಟುಕೊಡುವ ವ್ಯವಸ್ಥೆ ಅದು. ಉತ್ತರ ಕರ್ನಾಟಕದ ಒಕ್ಕಲುತನದಲ್ಲಿ ಇದಕ್ಕೆ ‘ಲಾವಣಿ’ ಎಂಬ ಮಾತೂ ಇದೆ. ಹೊಲವನ್ನು ಲಾವಣಿಗೆ ಕೊಟ್ಟವನಿಗೆ ಅವಧಿ ಮುಗಿದ ಮೇಲೆ ಹೊಲ ಮರಳಿ ಬರುತ್ತದೆ. ಅದು ಯಾವ ಸ್ಥಿತಿಯಲ್ಲಿ ಮರಳಿತು, ಗೊಬ್ಬರ ಕಂಡಿತೇ, ಬದುವು ಉಳಿದಿದೆಯೇ ಎಂಬುದನ್ನು ಒಕ್ಕಲಿಗ ಮೊದಲು ನೋಡುತ್ತಾನೆ. ಶಿಕ್ಷಣದ ಹೊರಗುತ್ತಿಗೆಗೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಿದೆ.

ಕಲಿಕೆಯ ವ್ಯವಸ್ಥೆಯನ್ನು ವಿಶ್ಲೇಷಣೆಯ ಅನುಕೂಲಕ್ಕಾಗಿ ನಾಲ್ಕು ಅಂಗಗಳಾಗಿ ವಿಂಗಡಿಸಬಹುದು. ಒಂದು, ಗಣಕಯಂತ್ರ, ಸಂಪರ್ಕ, ತಂತ್ರಾಂಶಗಳೆಂಬ ಉಪಕರಣ. ಎರಡು, ಪಠ್ಯ, ದೃಶ್ಯಪಾಠ, ಅಭ್ಯಾಸಗಳೆಂಬ ಸಾಮಗ್ರಿ. ಮೂರು, ಕಲಿಯುವವನ ಎದುರು ನಿಂತು ಅವನ ಸಂದೇಹಕ್ಕೆ ಸ್ಪಂದಿಸುವ ಬೋಧನೆ. ನಾಲ್ಕು, ಪರೀಕ್ಷೆ ಮತ್ತು ಪ್ರಮಾಣಪತ್ರಗಳನ್ನೊಳಗೊಂಡ ಮೌಲ್ಯಮಾಪನ. ಮೊದಲಿನೆರಡು ಅಂಗಗಳನ್ನು ಶಾಲೆಗಳು ಹಿಂದಿನಿಂದಲೂ ಹೊರಗಿನಿಂದ ಪಡೆಯುತ್ತ ಬಂದಿವೆ. ಕರಿಹಲಗೆಯನ್ನೂ ಪಠ್ಯಪುಸ್ತಕವನ್ನೂ ಶಾಲೆಯೇ ತಯಾರಿಸುವುದಿಲ್ಲ. ಮೂರನೆಯ ಮತ್ತು ನಾಲ್ಕನೆಯ ಅಂಗಗಳೂ ಒಪ್ಪಂದದ ಸರಕುಗಳಾದದ್ದು ಆನ್‌ಲೈನ್ ಯುಗದ ವಿಶೇಷ.

ಉದ್ಯಮ ಬೆಳೆದ ಬಗೆ

ಈ ಉದ್ಯಮದ ಕಥನಕ್ಕೆ ಬೆಂಗಳೂರು ಒಂದು ಮುಖ್ಯ ಕೇಂದ್ರ. ೨೦೦೫ರಲ್ಲಿ ಕೃಷ್ಣನ್ ಗಣೇಶ್ ಅವರು ಅಲ್ಲಿ ಸ್ಥಾಪಿಸಿದ ಟ್ಯೂಟರ್‌ವಿಸ್ತಾ ಸಂಸ್ಥೆಯು ಭಾರತದ ಶಿಕ್ಷಕರಿಂದ ಅಮೆರಿಕದ ವಿದ್ಯಾರ್ಥಿಗಳಿಗೆ ಅಂತರಜಾಲದ ಮೂಲಕ ಮನೆಪಾಠ ಹೇಳಿಸಿತು. ಕಾಲ್ ಸೆಂಟರುಗಳ ತರ್ಕವೇ ಇಲ್ಲಿಯೂ ಕೆಲಸ ಮಾಡಿತು. ಅಮೆರಿಕದಲ್ಲಿ ಗಂಟೆಯ ಲೆಕ್ಕದಲ್ಲಿ ದುಬಾರಿಯಾಗಿದ್ದ ಮನೆಪಾಠವನ್ನು ತಿಂಗಳಿಗೆ ಸುಮಾರು ೧೦೦ ಡಾಲರಿಗೆ, ಎಷ್ಟು ಹೊತ್ತಾದರೂ ಎಂಬ ಷರತ್ತಿನೊಂದಿಗೆ, ಮಾರಲು ಸಾಧ್ಯವಾದದ್ದು ಎರಡು ದೇಶಗಳ ವೇತನದ ಅಂತರದಿಂದ. ಹೀಗೆ ಬೋಧನೆಯೆಂಬ ಮೂರನೆಯ ಅಂಗವು ರಫ್ತಿನ ಸರಕಾಯಿತು. ೨೦೧೧ರಲ್ಲಿ ಬ್ರಿಟನ್ನಿನ ಪಿಯರ್‌ಸನ್ ಸಂಸ್ಥೆಯು ಟ್ಯೂಟರ್‌ವಿಸ್ತಾದ ಬಹುಪಾಲು ಒಡೆತನವನ್ನು ಪಡೆಯಿತು. ೨೦೧೭ರಲ್ಲಿ ಅದು ಬೆಂಗಳೂರಿನದೇ ಆದ ಬೈಜೂಸ್ ಸಂಸ್ಥೆಯ ಪಾಲಾಯಿತು.

ಈ ಕೈಬದಲಾವಣೆಯಲ್ಲಿ ಉದ್ಯಮದ ದಿಕ್ಕು ಬದಲಾದುದನ್ನೂ ಕಾಣಬಹುದು. ಮೊದಲ ಹಂತದಲ್ಲಿ ಭಾರತದ ಶಿಕ್ಷಕ ಹೊರದೇಶದ ಮಗುವಿಗೆ ಕಲಿಸಿದ. ಎರಡನೆಯ ಹಂತದಲ್ಲಿ ಅದೇ ತಂತ್ರಜ್ಞಾನ ಭಾರತದ ಮಧ್ಯಮವರ್ಗದ ಮನೆಯನ್ನು ಮಾರುಕಟ್ಟೆಯಾಗಿ ಕಂಡಿತು. ೨೦೧೫ರಲ್ಲಿ ಆ್ಯಪ್ ಬಿಡುಗಡೆ ಮಾಡಿದ ಬೈಜೂಸ್ ಕೋವಿಡ್ ಕಾಲದಲ್ಲಿ ಅಗಾಧವಾಗಿ ಬೆಳೆದು ೨೦೨೨ರಲ್ಲಿ ೨,೨೦೦ ಕೋಟಿ ಡಾಲರ್ ಮೌಲ್ಯದ ಸಂಸ್ಥೆಯೆನಿಸಿತು. ೨೦೨೪ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಅದರ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಈ ನಡುವೆ, ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಶಿಕ್ಷಣ ತಂತ್ರಜ್ಞಾನ ಸಂಸ್ಥೆಗಳ ಜಾಹೀರಾತು ಮತ್ತು ಸ್ವಯಂಚಾಲಿತ ಹಣಕಡಿತದ ಬಗ್ಗೆ ಎಚ್ಚರವಹಿಸುವಂತೆ ಪೋಷಕರಿಗೆ ಸೂಚನೆ ನೀಡಬೇಕಾಯಿತು.

ವಿಶ್ವವಿದ್ಯಾಲಯಗಳ ಮಟ್ಟದಲ್ಲಿಯೂ ಇದಕ್ಕೆ ಸಮಾನಾಂತರವಾದ ಬೆಳವಣಿಗೆ ಜರುಗಿದೆ. ಅಮೆರಿಕದಲ್ಲಿ ೨೦೦೮ರಲ್ಲಿ ಆರಂಭವಾದ ಟು-ಯು ಎಂಬ ಸಂಸ್ಥೆಯು ಹೆಸರಾಂತ ವಿಶ್ವವಿದ್ಯಾಲಯಗಳ ಆನ್‌ಲೈನ್ ಪದವಿಗಳಿಗೆ ಪ್ರಚಾರ, ಪ್ರವೇಶ, ತಾಂತ್ರಿಕ ನಿರ್ವಹಣೆಗಳನ್ನು ಒದಗಿಸಿ ಶುಲ್ಕದಲ್ಲಿ ದೊಡ್ಡ ಪಾಲನ್ನು ಪಡೆಯುತ್ತಿತ್ತು. ಪದವಿಯ ಮೇಲೆ ವಿಶ್ವವಿದ್ಯಾಲಯದ ಹೆಸರು, ಅದರ ಹಿಂದೆ ಕಂಪನಿಯ ದುಡಿಮೆ ಎಂಬ ಈ ಮಾದರಿ ಬಹುಬೇಗ ಹಬ್ಬಿತು. ೨೦೨೧ರಲ್ಲಿ ಎಡ್ಎಕ್ಸ್ ವೇದಿಕೆಯನ್ನು ೮೦ ಕೋಟಿ ಡಾಲರಿಗೆ ಕೊಂಡ ಈ ಸಂಸ್ಥೆಯೂ ೨೦೨೪ರಲ್ಲಿ ಸಾಲದ ಹೊರೆಯಿಂದ ದಿವಾಳಿ ಸಂರಕ್ಷಣೆಯನ್ನು ಕೋರಿತು.

ಈ ಏರಿಳಿತಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಉದ್ಯಮವು ಹಣ ತೆರಬಲ್ಲ ಕಲಿಕೆಗಾರನನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಅದರ ಉತ್ತಮ ಸಾಮಗ್ರಿ ಇಂಗ್ಲಿಷಿನಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಸುತ್ತ ಸಿದ್ಧಗೊಳ್ಳುತ್ತದೆ. ಎರಡನೆಯದಾಗಿ, ಅದರ ಆಯುಷ್ಯವು ಶಾಲೆಯ ಆಯುಷ್ಯಕ್ಕಿಂತ ಕಿರಿದು. ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಒಂದು ದೊಡ್ಡ ಸಂಸ್ಥೆ ಹುಟ್ಟಿ, ಬೆಳೆದು, ನ್ಯಾಯಮಂಡಳಿಯ ಮೆಟ್ಟಿಲೇರಬಹುದು. ಹಳ್ಳಿಯ ಶಾಲೆಯೊಂದು ತನ್ನ ಬೋಧನೆಯನ್ನು ಇಂಥ ಆಸರೆಯ ಮೇಲೆ ನಿಲ್ಲಿಸುವುದು ಸುರಕ್ಷಿತವೇ ಎಂಬುದನ್ನು ಯೋಚಿಸಬೇಕಾಗುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಹೊರಗುತ್ತಿಗೆಯ ಪ್ರಯೋಗ

ಖಾಸಗಿ ಮಾರುಕಟ್ಟೆ ಕೊಪ್ಪಳದಂಥ ಜಿಲ್ಲೆಗಳ ಹಳ್ಳಿಗಳನ್ನು ತಲುಪುವುದಕ್ಕೆ ಮೊದಲೇ ಸರ್ಕಾರದ ಯೋಜನೆಗಳ ಮೂಲಕ ಹೊರಗುತ್ತಿಗೆಯು ರಾಜ್ಯದ ಶಾಲೆಗಳೊಳಗೆ ಬಂದಿತ್ತು. ೨೦೦೧-೦೨ರಲ್ಲಿ ಕರ್ನಾಟಕ ಸರ್ಕಾರವು ‘ಮಾಹಿತಿ ಸಿಂಧು’ ಯೋಜನೆಯಡಿ ೧,೦೦೦ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಆರಂಭಿಸಿ, ಅದರ ನಿರ್ವಹಣೆಯನ್ನು ಖಾಸಗಿ ಗಣಕ ತರಬೇತಿ ಸಂಸ್ಥೆಗಳಿಗೆ ವಹಿಸಿತು. ಕೇಂದ್ರ ಸರ್ಕಾರವು ೨೦೦೪ರ ಡಿಸೆಂಬರಿನಲ್ಲಿ ಪ್ರಾರಂಭಿಸಿದ ಶಾಲಾ ಮಾಹಿತಿ ತಂತ್ರಜ್ಞಾನ ಯೋಜನೆಯಡಿ ಮುಂದಿನ ಹಂತಗಳಲ್ಲಿ ೧,೫೭೧ ಮತ್ತು ೪,೩೯೬ ಶಾಲೆಗಳಿಗೆ ಇದು ವಿಸ್ತರಿಸಿತು. ಇಲ್ಲಿ ಅನುಸರಿಸಿದ್ದು ‘ಕಟ್ಟು, ಒಡೆತನ ಹೊಂದು, ನಡೆಸು, ಹಸ್ತಾಂತರಿಸು’ ಎಂಬ ಮಾದರಿ. ಕಂಪನಿಯೇ ಗಣಕಯಂತ್ರಗಳನ್ನು ಅಳವಡಿಸಿ, ತಾನೇ ಬೋಧಕರನ್ನು ನೇಮಿಸಿ, ಐದು ವರ್ಷಗಳ ಕಾಲ ನಡೆಸಿ, ಬಳಿಕ ಪ್ರಯೋಗಾಲಯವನ್ನು ಶಾಲೆಗೆ ಒಪ್ಪಿಸಬೇಕಾಗಿತ್ತು.

ಕಾಗದದ ಮೇಲೆ ಇದು ಉಭಯತರಿಗೂ ಲಾಭಕರವಾದ ಏರ್ಪಾಟು. ಸರ್ಕಾರಕ್ಕೆ ಒಮ್ಮೆಗೇ ಬಂಡವಾಳ ತೊಡಗಿಸುವ ಹೊರೆಯಿಲ್ಲ. ತಾಂತ್ರಿಕ ಪರಿಣತಿಯಿಲ್ಲದ ಶಾಲೆಗೆ ಪರಿಣತರ ಸೇವೆ ದೊರೆಯುತ್ತದೆ. ಆದರೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯು ಕರ್ನಾಟಕದ ಈ ಮಾದರಿಯನ್ನೂ ಕೇರಳದ ‘ಐಟಿ@ಸ್ಕೂಲ್’ ಯೋಜನೆಯನ್ನೂ ಹೋಲಿಸಿ ಮಾಡಿದ ಅಧ್ಯಯನವು ಅದರ ಮಿತಿಗಳನ್ನು ಎತ್ತಿತೋರಿಸಿತು. ಕಂಪನಿ ನೇಮಿಸಿದ ಬೋಧಕ ಶಾಲೆಯ ಶಿಕ್ಷಕವೃಂದಕ್ಕೆ ಸೇರಿದವನಲ್ಲ. ಅವನ ವೇತನ ಕಡಿಮೆ, ಕೆಲಸಕ್ಕೆ ಭದ್ರತೆಯಿಲ್ಲ. ಗಣಿತ, ವಿಜ್ಞಾನ, ಸಮಾಜ ವಿಷಯಗಳ ಶಿಕ್ಷಕರಿಗೆ ಗಣಕ ಕೊಠಡಿ ಅನ್ಯರ ಕೊಠಡಿಯಾಗಿಯೇ ಉಳಿಯಿತು. ಗಣಕವು ವಿಷಯಗಳನ್ನು ಕಲಿಸುವ ಸಾಧನವಾಗುವ ಬದಲು ಬೆರಳಚ್ಚು ಮತ್ತು ತಂತ್ರಾಂಶಗಳ ಪರಿಚಯಕ್ಕೆ ಸೀಮಿತವಾದ ಪ್ರತ್ಯೇಕ ವಿಷಯವಾಯಿತು. ಗುತ್ತಿಗೆಯ ಅವಧಿ ಮುಗಿದಾಗ ಬೋಧಕ ಹೊರಟುಹೋದ. ಅಷ್ಟರಲ್ಲಿ ಯಂತ್ರಗಳಿಗೂ ಐದು ವರ್ಷ ವಯಸ್ಸಾಗಿತ್ತು. ಶಾಲೆಗೆ ಹಸ್ತಾಂತರಗೊಂಡದ್ದು ಬಳಸಲು ತಿಳಿದವರಿಲ್ಲದ ಹಳೆಯ ಯಂತ್ರಗಳು.

ಕೇರಳದಲ್ಲಿ ಇದಕ್ಕೆ ಭಿನ್ನವಾದ ಹಾದಿಯನ್ನು ತುಳಿಯಲಾಯಿತು. ಅಲ್ಲಿ ಶಾಲೆಯ ಶಿಕ್ಷಕರಲ್ಲೇ ಕೆಲವರನ್ನು ತರಬೇತುಗೊಳಿಸಿ, ಅವರಿಂದ ಉಳಿದವರಿಗೆ ತರಬೇತಿ ಕೊಡಿಸಲಾಯಿತು; ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶಗಳನ್ನು ಮಲಯಾಳಕ್ಕೆ ಹೊಂದಿಸಿಕೊಳ್ಳಲಾಯಿತು. ಆ ಯೋಜನೆ ೨೦೧೭ರಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿ ಬೆಳೆಯಿತು. ೨೦೨೦ರ ಜೂನ್ ೧ರಂದೇ ಕೇರಳವು ದೂರದರ್ಶಕದ ಮೂಲಕ ‘ಫಸ್ಟ್ ಬೆಲ್’ ಪಾಠಗಳನ್ನು ಆರಂಭಿಸಲು ಸಾಧ್ಯವಾದುದರ ಹಿಂದೆ ಈ ಒಳಗಿನ ಶಕ್ತಿಯ ಪಾತ್ರ ದೊಡ್ಡದು.

ಕರ್ನಾಟಕವೂ ಈ ಪಾಠವನ್ನು ಕಲಿಯದೆ ಇರಲಿಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ೨೦೧೦ರ ದಶಕದ ಆರಂಭದಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮದ ಮೂಲಕ ಪ್ರೌಢಶಾಲಾ ಶಿಕ್ಷಕರಿಗೇ ಗಣಕದ ಬಳಕೆಯನ್ನು ಕಲಿಸಿತು. ೨೦೧೩ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ರೂಪುಗೊಂಡು, ಶಿಕ್ಷಕರೇ ಕನ್ನಡದಲ್ಲಿ ಪಾಠಸಾಮಗ್ರಿಯನ್ನು ಬರೆದು, ತಿದ್ದಿ, ಹಂಚಿಕೊಳ್ಳುವ ಅವಕಾಶ ಒದಗಿತು. ೨೦೧೬-೧೭ರಿಂದ ಜಾರಿಗೆ ಬಂದ ‘ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ’ವು ಹೊರಗಿನ ಬೋಧಕರ ಬದಲು ಶಾಲೆಯ ಶಿಕ್ಷಕರನ್ನೇ ತರಬೇತಿಯ ಕೇಂದ್ರದಲ್ಲಿ ಇರಿಸಿತು. ಹೊರಗುತ್ತಿಗೆಯಿಂದ ಒಳಶಕ್ತಿಯ ಕಡೆಗೆ ಆದ ಈ ಪಲ್ಲಟವು ರಾಜ್ಯದ ಶಿಕ್ಷಣ ಚರಿತ್ರೆಯಲ್ಲಿ ಹೆಚ್ಚು ಗಮನ ಪಡೆಯದ, ಆದರೆ ಮಹತ್ತ್ವದ ಒಂದು ಘಟ್ಟವಾಗಿದೆ.

ದೂರಶಿಕ್ಷಣ: ಪದವಿಯ ಗುತ್ತಿಗೆ

ಶಾಲೆಗಳಲ್ಲಿ ಬೋಧನೆ ಹೊರಗುತ್ತಿಗೆಗೆ ಹೋದರೆ ಉನ್ನತ ಶಿಕ್ಷಣದಲ್ಲಿ ಪ್ರವೇಶ ಮತ್ತು ಮೌಲ್ಯಮಾಪನಗಳೂ ಆ ದಾರಿಯನ್ನು ಹಿಡಿದ ನಿದರ್ಶನಗಳಿವೆ. ಮೈಸೂರು ವಿಶ್ವವಿದ್ಯಾಲಯವು ೧೯೬೯ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ ಸಂಸ್ಥೆಯಿಂದ ಬೆಳೆದು ೧೯೯೬ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ರಾಜ್ಯದ ಮೂಲೆಮೂಲೆಯ ಉದ್ಯೋಗಸ್ಥರಿಗೆ, ಗೃಹಿಣಿಯರಿಗೆ ಪದವಿಯ ಬಾಗಿಲನ್ನು ತೆರೆದ ಸಂಸ್ಥೆ. ಆದರೆ ರಾಜ್ಯದ ಎಲ್ಲೆಯ ಹೊರಗಿನ ಅಧ್ಯಯನ ಕೇಂದ್ರಗಳು ಮತ್ತು ಖಾಸಗಿ ಸಹಯೋಗ ಸಂಸ್ಥೆಗಳ ಮೂಲಕ ನಡೆದ ಕೋರ್ಸುಗಳು ವಿವಾದಕ್ಕೆ ಗುರಿಯಾದವು. ೨೦೧೫ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೨-೧೩ರ ನಂತರ ಈ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು ಪ್ರಕಟಿಸಿತು. ಮಾನ್ಯತೆ ಮರಳಿ ದೊರೆತದ್ದು ೨೦೧೮-೧೯ನೆಯ ಸಾಲಿನಿಂದ. ರಾಜ್ಯದ ಒಳಗೆ ನಿಯಮದಂತೆಯೇ ಓದಿದ್ದ ವಿದ್ಯಾರ್ಥಿಗಳೂ ನಡುವಿನ ವರ್ಷಗಳಲ್ಲಿ ತಮ್ಮ ಪದವಿಯ ಸಿಂಧುತ್ವಕ್ಕಾಗಿ ಅಲೆಯಬೇಕಾಯಿತು. ಹೊರಗಿನ ಕೈಗಳು ಮಾಡಿದ ವಿಸ್ತರಣೆಯ ಬೆಲೆಯನ್ನು ಒಳಗಿನ ಕಲಿಕೆಗಾರ ತೆರುವಂತಾದುದು ಈ ಪ್ರಕರಣದ ದುರಂತ.

ಈ ಬಗೆಯ ಅನುಭವಗಳ ಹಿನ್ನೆಲೆಯಲ್ಲಿ ಆಯೋಗದ ೨೦೨೦ರ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣ ನಿಯಮಾವಳಿಯು ಫ್ರಾಂಚೈಸಿ ಪದ್ಧತಿಯನ್ನು ನಿಷೇಧಿಸಿತು. ೨೦೨೨ರ ಜನವರಿಯಲ್ಲಿ ಆಯೋಗವು ಶಿಕ್ಷಣ ತಂತ್ರಜ್ಞಾನ ಕಂಪನಿಗಳೊಂದಿಗೆ ಫ್ರಾಂಚೈಸಿ ಒಪ್ಪಂದ ಮಾಡಿಕೊಂಡು ಪದವಿ ನೀಡುವಂತಿಲ್ಲವೆಂದು ವಿಶ್ವವಿದ್ಯಾಲಯಗಳನ್ನು ಮತ್ತೆ ಎಚ್ಚರಿಸಿತು. ಅದೇ ನಿಯಮಾವಳಿಯು ಆನ್‌ಲೈನ್ ಪದವಿ ನೀಡಲು ನ್ಯಾಕ್ ಮೌಲ್ಯಾಂಕನದಲ್ಲಿ ೪ಕ್ಕೆ ಕನಿಷ್ಠ ೩.೦೧ ಅಂಕ ಅಥವಾ ರಾಷ್ಟ್ರೀಯ ಶ್ರೇಯಾಂಕದ ಮೊದಲ ೧೦೦ರಲ್ಲಿ ಸ್ಥಾನವನ್ನು ಅರ್ಹತೆಯಾಗಿ ಗೊತ್ತುಪಡಿಸಿತು. ಗುಣಮಟ್ಟದ ರಕ್ಷಣೆಗೆ ಇದು ಅಗತ್ಯವೇ ಸರಿ. ಆದರೆ ಇದರ ಇನ್ನೊಂದು ಪರಿಣಾಮವನ್ನೂ ಕಾಣಬೇಕು. ಹಿಂದುಳಿದ ಪ್ರದೇಶಗಳಲ್ಲಿ ಹೊಸದಾಗಿ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ ಈ ಅರ್ಹತೆ ಬೇಗ ಒದಗುವುದಿಲ್ಲ. ಪರಿಣಾಮವಾಗಿ ಯಲಬುರ್ಗಾದ ಅಥವಾ ಕುಷ್ಟಗಿಯ ಕಲಿಕೆಗಾರನ ಕೈಗೆ ಬರುವ ಆನ್‌ಲೈನ್ ಪದವಿಯು ಅವನ ಊರು, ಭಾಷೆಗಳ ಪರಿಚಯವಿಲ್ಲದ ದೂರದ ಸಂಸ್ಥೆಯೊಂದರಿಂದಲೇ ಬರುವಂತಾಗುತ್ತದೆ.

ಕೋವಿಡ್ ಕಾಲ: ನಾಲ್ಕು ತಾಲ್ಲೂಕುಗಳ ಕನ್ನಡಿಯಲ್ಲಿ

೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಕಲಿಕೆ ಆಯ್ಕೆಯಾಗಿ ಉಳಿಯದೆ ಅನಿವಾರ್ಯವಾಯಿತು. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ೭೫ನೆಯ ಸುತ್ತಿನಂತೆ ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಗಣಕವಿದ್ದವು ಶೇ. ೪.೪, ಅಂತರಜಾಲ ಸೌಲಭ್ಯವಿದ್ದವು ಶೇ. ೧೪.೯ ಮಾತ್ರ. ಕೊಪ್ಪಳ ಸೀಮೆಯಲ್ಲಿ ಈ ಕೊರತೆಗೆ ಗುಳೆಯ ಸಮಸ್ಯೆಯೂ ಸೇರುತ್ತದೆ. ಕುಷ್ಟಗಿ, ಯಲಬುರ್ಗಾ ಭಾಗದ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಬಹುಕಾಲದ ರೂಢಿ. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದಲ್ಲಿ ಅದು ದುಡಿಯಲು ಹೋದ ತಂದೆಯ ಕಿಸೆಯಲ್ಲಿರುತ್ತದೆ; ಮನೆಯಲ್ಲಿ ಉಳಿದರೆ ಅಣ್ಣನ ಸರದಿ ಮುಗಿದ ಮೇಲೆ ತಂಗಿಯ ಸರದಿ. ಸಾಕ್ಷರತೆಯಲ್ಲಿ ಮೊದಲೇ ಇದ್ದ ಗಂಡು–ಹೆಣ್ಣುಗಳ ಅಂತರಕ್ಕೆ ಫೋನು ಹೊಸ ಅಂತರವೊಂದನ್ನು ಸೇರಿಸಿತು.

ಈ ಸಂದರ್ಭದಲ್ಲಿ ಕೈಗೊಂಡ ಕ್ರಮಗಳನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು, ೨೦೨೦ರ ಏಪ್ರಿಲ್‌ನಲ್ಲಿ ಖಾಸಗಿ ತರಬೇತಿ ಸಂಸ್ಥೆಯ ಸಹಯೋಗದಿಂದ ಸರ್ಕಾರ ಆರಂಭಿಸಿದ ‘ಗೆಟ್ ಸಿಇಟಿ ಗೋ’. ಇದು ಅಂತರಜಾಲ ಬಲ್ಲ, ಇಂಗ್ಲಿಷ್ ಮಾಧ್ಯಮದ ವಿಜ್ಞಾನ ವಿದ್ಯಾರ್ಥಿಗೆ ಉಪಕಾರಿ. ಎರಡನೆಯದು, ಅದೇ ವರ್ಷದ ಜುಲೈ ೨೦ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರವಾದ ‘ಸಂವೇದ’ ಪಾಠಮಾಲೆ. ಶಿಕ್ಷಕರೇ ಸಿದ್ಧಪಡಿಸಿದ ಈ ಕನ್ನಡ ಪಾಠಗಳು ಟಿ.ವಿ. ಇದ್ದ ಮನೆಗಳನ್ನು ತಲುಪಿದವು. ಆದರೆ ಪ್ರಶ್ನೆ ಕೇಳಲು ಅಲ್ಲಿ ಅವಕಾಶವಿರಲಿಲ್ಲ. ಮೂರನೆಯದು, ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಸಣ್ಣ ಗುಂಪುಗಳಿಗೆ ಕಲಿಸಿದ ಈ ಕಾರ್ಯಕ್ರಮವು ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡು ೨೦೨೧ರ ಜನವರಿಯಲ್ಲಿ ಮರಳಿ ಚಾಲನೆ ಪಡೆಯಿತು. ತಂತ್ರಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಮೂರರಲ್ಲಿ ಮೊದಲನೆಯದು ಅತ್ಯಾಧುನಿಕ, ಕೊನೆಯದು ಅತಿ ಸರಳ. ಕಲಿಕೆಯ ಪ್ರವೇಶಾವಕಾಶದ ದೃಷ್ಟಿಯಿಂದ ಈ ಕ್ರಮ ತಿರುವುಮುರುವಾಗುತ್ತದೆ.

ಸರಳ ಸಾಧನದಿಂದಲೂ ದೂರದ ಕಲಿಕೆ ಸಾಧ್ಯವೆಂಬುದಕ್ಕೆ ರಾಜ್ಯದಲ್ಲಿ ಮುಂದೆ ರೂಪುಗೊಂಡ ‘ಗಣಿತ ಗಣಕ’ ಕಾರ್ಯಕ್ರಮವು ನಿದರ್ಶನವಾಗಿದೆ. ಇದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ೩ರಿಂದ ೫ನೆಯ ತರಗತಿಯ ಮಕ್ಕಳಿಗೆ ಸಾಮಾನ್ಯ ದೂರವಾಣಿ ಕರೆಯ ಮೂಲಕ ಮೂಲಗಣಿತವನ್ನು ಹೇಳಿಕೊಡುತ್ತಾರೆ. ಇಲ್ಲಿ ವಿಧಾನ ಹೊರಗಿನ ಸಂಶೋಧಕರ ನೆರವಿನಿಂದ ಬಂದಿದ್ದರೂ ಬೋಧನೆ ಶಿಕ್ಷಕರ ಕೈಯಲ್ಲಿಯೇ ಉಳಿದಿದೆ.

ಭಾಷೆಯ ಪ್ರಶ್ನೆ

ಆನ್‌ಲೈನ್ ಕಲಿಕೆಯ ಸಾಮಗ್ರಿ ಕನ್ನಡದಲ್ಲಿ 전ಇಲ್ಲವೆಂಬ ಮಾತು ಈಗ ಪೂರ್ಣ ನಿಜವಲ್ಲ. ೨೦೧೭ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯ ಮೂಲಕ ಪಠ್ಯಪುಸ್ತಕದ ಕ್ಯುಆರ್ ಸಂಕೇತವನ್ನು ಬಳಸಿ ಕನ್ನಡ ಪಾಠಗಳನ್ನು ತೆರೆಯಬಹುದು. ಅದೇ ವರ್ಷ ಉದ್ಘಾಟನೆಗೊಂಡ ‘ಸ್ವಯಂ’ ವೇದಿಕೆಯ ಕೆಲವು ಕೋರ್ಸುಗಳನ್ನು ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಿಗೆ ಅನುವಾದಿಸುವ ಕಾರ್ಯ ನಡೆದಿದೆ. ಇಲ್ಲಿಯೂ ಹೊರಗುತ್ತಿಗೆಯ ಸರಪಳಿಯೊಂದು ಕಾಣುತ್ತದೆ. ಮೂಲ ಪಾಠ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಯಂತ್ರ ಅದನ್ನು ಅನುವಾದಿಸುತ್ತದೆ, ಅನುವಾದವನ್ನು ಬೇರೊಬ್ಬರು ತಿದ್ದುತ್ತಾರೆ. ಕೊನೆಗೆ ಕಲಿಕೆಗಾರನಿಗೆ ದೊರೆಯುವುದು ಲಿಪಿಯಿಂದ ಕನ್ನಡವಾಗಿ, ವಾಕ್ಯರಚನೆಯಿಂದ ಇಂಗ್ಲಿಷಾಗಿ ಉಳಿದ ಪಠ್ಯ.

ಪ್ರಾದೇಶಿಕ ಭೇದಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ದಕ್ಷಿಣದ ಜಿಲ್ಲೆಗಳಲ್ಲಿ ತಯಾರಾದ ಪಾಠದಲ್ಲಿ ‘ಕಡಲೆಕಾಯಿ’ ಎಂದು ಬಂದರೆ ಕುಷ್ಟಗಿಯ ಮಗುವಿಗೆ ‘ಕಡಲೆ’ಯ ನೆನಪಾಗುತ್ತದೆ, ಅದರ ಹೊಲದಲ್ಲಿ ಬೆಳೆಯುವುದು ‘ಶೇಂಗಾ’. ‘ಜೋಳ’ ಎಂದರೆ ಬೆಂಗಳೂರಿನ ಪೇಟೆಯಲ್ಲಿ ಮೆಕ್ಕೆಜೋಳವೂ ಆಗಬಹುದು. ಯಲಬುರ್ಗಾದಲ್ಲಿ ಅದು ರೊಟ್ಟಿಯ ಬಿಳಿಜೋಳ, ಇನ್ನೊಂದಕ್ಕೆ ‘ಗೋವಿನಜೋಳ’ವೆಂಬ ಬೇರೆ ಹೆಸರಿದೆ. ತರಗತಿಯಲ್ಲಿರುವ ಶಿಕ್ಷಕಿ ಮಗುವಿನ ಮುಖದ ಗೊಂದಲವನ್ನು ಕಂಡು ಒಂದೇ ಮಾತಿನಲ್ಲಿ ಇದನ್ನು ಪರಿಹರಿಸುತ್ತಾಳೆ. ಮುದ್ರಿತ ದೃಶ್ಯಪಾಠ ಆ ಮುಖವನ್ನು ಕಾಣಲಾರದು. ಪಠ್ಯಪುಸ್ತಕಕ್ಕೂ ಈ ಮಿತಿಯಿತ್ತು. ಆದರೆ ಪುಸ್ತಕವು ಶಿಕ್ಷಕಿಯ ಸ್ಥಾನವನ್ನು ತಾನು ತುಂಬುವೆನೆಂದು ಎಂದೂ ಹೇಳಿರಲಿಲ್ಲ.

ಹೊರಗೆ ಯಾವುದು, ಒಳಗೆ ಯಾವುದು?

ಮೇಲಿನ ವಿವೇಚನೆಯಿಂದ ಹೊರಗುತ್ತಿಗೆಯೇ ಸರ್ವಥಾ ತ್ಯಾಜ್ಯವೆಂದು ತೀರ್ಮಾನಿಸಬೇಕಾಗಿಲ್ಲ. ಉಪಕರಣಗಳ ಪೂರೈಕೆ, ಸಂಪರ್ಕ ಜಾಲದ ನಿರ್ವಹಣೆ, ದೃಶ್ಯಪಾಠಗಳ ತಾಂತ್ರಿಕ ಸಿದ್ಧತೆಗಳನ್ನು ಪರಿಣತ ಸಂಸ್ಥೆಗಳಿಗೆ ವಹಿಸುವುದು ಸಾಧುವೂ ಮಿತವ್ಯಯಕಾರಿಯೂ ಆಗಬಹುದು. ಯಾವುದೇ ಒಪ್ಪಂದವನ್ನು ಒಪ್ಪುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಮೊದಲನೆಯದು, ಒಪ್ಪಂದ ಮುಗಿದ ಮರುದಿನ ಶಾಲೆಯಲ್ಲಿ ಉಳಿಯುವುದೇನು? ಯಂತ್ರವಷ್ಟೇ ಉಳಿದರೆ ಸಾಲದು. ಅದನ್ನು ಬಳಸಬಲ್ಲ ಶಿಕ್ಷಕರೂ ಉಳಿಯಬೇಕು. ಎರಡನೆಯದು, ಸಿದ್ಧವಾದ ಸಾಮಗ್ರಿಯ ಒಡೆತನ ಯಾರದು? ಸಾರ್ವಜನಿಕ ಹಣದಿಂದ ತಯಾರಾದ ಪಾಠಗಳು ಮುಕ್ತ ಪರವಾನಗಿಯಲ್ಲಿದ್ದರೆ ಸ್ಥಳೀಯ ಶಿಕ್ಷಕರು ಅವನ್ನು ತಮ್ಮ ಮಕ್ಕಳ ಮಾತಿಗೆ ತಿದ್ದಿಕೊಳ್ಳಬಲ್ಲರು. ಮೂರನೆಯದು, ಮಗುವಿನ ಸಂದೇಹಕ್ಕೆ ಉತ್ತರ ಕೊಡುವ ಹೊಣೆ ಯಾರದು? ಆ ಹೊಣೆಗಾರ ಮಗುವಿಗೂ ಪೋಷಕರಿಗೂ ಎಟಕುವ ಅಂತರದಲ್ಲಿ, ಅವರ ಭಾಷೆಯಲ್ಲಿ ದೊರೆಯಬೇಕು.

ಈ ಮಾನದಂಡಗಳನ್ನು ಪಾಲಿಸಲು ಬೇಕಾದ ನೆಲೆಗಳು ಕೊಪ್ಪಳ ಸೀಮೆಯಲ್ಲಿ ಇಲ್ಲವೆಂದಲ್ಲ. ೨೦೧೨ರ ೯೮ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೩೭೧(ಜೆ) ವಿಧಿಯು ಈ ಪ್ರದೇಶದ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯನ್ನೂ ಅನುದಾನವನ್ನೂ ಒದಗಿಸಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಮಾರ್ಪಟ್ಟು ಗಣಕ ಮತ್ತು ಅಂತರಜಾಲದ ಸಾರ್ವಜನಿಕ ತಾಣಗಳಾಗುತ್ತಿವೆ. ಸ್ವಂತ ಫೋನಿಲ್ಲದ ಹೆಣ್ಣುಮಗಳಿಗೆ ಇಂಥ ತಾಣವೊಂದು ಸಂಜೆಯ ಎರಡು ಗಂಟೆ ತೆರೆದಿದ್ದರೆ ಅದರ ಬೆಲೆ ದೊಡ್ಡದು. ಆಯೋಗದ ೨೦೨೧ರ ನಿಯಮಾವಳಿಯು ಪದವಿಯ ಶೇ. ೪೦ರವರೆಗಿನ ಕ್ರೆಡಿಟ್‌ಗಳನ್ನು ‘ಸ್ವಯಂ’ ಕೋರ್ಸುಗಳಿಂದ ಪಡೆಯಲು ಅವಕಾಶ ಕಲ್ಪಿಸಿತು. ಕುಷ್ಟಗಿ ಅಥವಾ ಗಂಗಾವತಿಯ ಕಾಲೇಜಿನ ಉಪನ್ಯಾಸಕರು ಅಂಥ ಕೋರ್ಸಿಗೆ ಸ್ಥಳೀಯ ಮಾರ್ಗದರ್ಶಕರಾಗಿ ನಿಂತು, ಕನ್ನಡದಲ್ಲಿ ಚರ್ಚಾಗೋಷ್ಠಿಗಳನ್ನು ನಡೆಸಿದರೆ ದೂರದ ಪಾಠಕ್ಕೆ ಹತ್ತಿರದ ಅರ್ಥ ಒದಗುತ್ತದೆ. ಅತಿಥಿ ಉಪನ್ಯಾಸಕರನ್ನೇ ಅವಲಂಬಿಸಿರುವ ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಮೊದಲು ಖಾಯಂ ನೇಮಕಾತಿಗಳಾಗಬೇಕು. ಏಕೆಂದರೆ ವರ್ಷವರ್ಷವೂ ನವೀಕರಣಗೊಳ್ಳಬೇಕಾದ ಅಧ್ಯಾಪಕ ಹುದ್ದೆಯೂ ಗುತ್ತಿಗೆಯ ಇನ್ನೊಂದು ರೂಪವೇ ಆಗಿದೆ.

ಕನ್ನಡ ಅಧ್ಯಯನ ವಿಭಾಗಗಳಿಗೂ ಇಲ್ಲಿ ಒಂದು ಪಾತ್ರವಿದೆ. ಅನುವಾದಿತ ಪಾಠಗಳ ಪರಿಷ್ಕರಣೆ, ಪ್ರಾದೇಶಿಕ ಪದಕೋಶಗಳ ಸಿದ್ಧತೆ, ಶಿಕ್ಷಕರೊಡನೆ ಕೂಡಿ ಪಾಠಗಳನ್ನು ನೇರವಾಗಿ ಕನ್ನಡದಲ್ಲೇ ರಚಿಸುವುದು ಇವೆಲ್ಲ ಭಾಷಾ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸಗಳು. ಪದದ ಲೆಕ್ಕದಲ್ಲಿ ಕೂಲಿ ಪಡೆಯುವ ಅನುವಾದದ ಸರಪಳಿಗಿಂತ ಇದು ಭಾಷೆಗೂ ದುಡಿಯುವವರಿಗೂ ಗೌರವ ತರುವ ಹಾದಿ.

ಉಪಸಂಹಾರ

ಆನ್‌ಲೈನ್ ಶಿಕ್ಷಣೋದ್ಯಮದ ಎರಡು ದಶಕಗಳ ನಡೆಯಲ್ಲಿ ಉಪಕರಣದಿಂದ ಸಾಮಗ್ರಿಗೆ, ಸಾಮಗ್ರಿಯಿಂದ ಬೋಧನೆಗೆ, ಬೋಧನೆಯಿಂದ ಪದವಿಗೆ ಹೊರಗುತ್ತಿಗೆಯು ಹಂತಹಂತವಾಗಿ ಚಾಚಿಕೊಂಡಿರುವುದನ್ನು ಕಾಣಬಹುದು. ಉಪಕರಣ, ಸಾಮಗ್ರಿಗಳ ಮಟ್ಟದಲ್ಲಿ ಅದು ನೆರವಾಗಿದೆ. ಬೋಧನೆ ಮತ್ತು ಮೌಲ್ಯಮಾಪನಗಳ ಮಟ್ಟಕ್ಕೆ ಬಂದಾಗ ಕರ್ನಾಟಕದಲ್ಲಿ ಅದರ ನಷ್ಟವನ್ನು ಶಾಲೆಯೂ ವಿದ್ಯಾರ್ಥಿಯೂ ಹೊರಬೇಕಾಗಿ ಬಂದಿದೆ. ಸಂಪನ್ನ ನಗರದ ಮಗುವಿಗೆ ಒಂದು ಆ್ಯಪ್ ಮುಚ್ಚಿದರೆ ಇನ್ನೊಂದು ಆ್ಯಪ್, ಒಬ್ಬ ಮನೆಪಾಠದ ಮೇಷ್ಟ್ರು ಬಿಟ್ಟರೆ ಇನ್ನೊಬ್ಬರು ಸಿಗುತ್ತಾರೆ. ಕುಷ್ಟಗಿ, ಯಲಬುರ್ಗಾಗಳ ಮಗುವಿಗೆ ಇರುವುದು ಊರಿನ ಶಾಲೆಯೊಂದೇ. ಲಾವಣಿಯ ಅವಧಿ ಮುಗಿದಾಗ ಹೊಲದ ಸತ್ವ ಉಳಿದಿದೆಯೇ ಎಂದು ನೋಡುವ ಒಕ್ಕಲಿಗನ ಎಚ್ಚರದಿಂದಲೇ ಆ ಶಾಲೆಗೆ ಸಂಬಂಧಿಸಿದ ಪ್ರತಿಯೊಂದು ಒಪ್ಪಂದವನ್ನೂ ಪರೀಕ್ಷಿಸಬೇಕಾಗಿದೆ.